ಶುಗರ್ ಕಣ್ಣಿಗೆ ಇಳಿದಾಗ: ಇಂಜೆಕ್ಷನ್, ಸ್ಟೆರಾಯ್ಡ್, ಲೇಸರ್‌ನಲ್ಲಿ ಯಾರಿಗೆ ಯಾವುದು?

ಶುಗರಿನಿಂದ ರೆಟಿನಾ (ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪರದೆ) ಕೆಟ್ಟವರು ರೆಟಿನಾ ಡಾಕ್ಟರ ರೂಮಿನಿಂದ ಹೊರಗೆ ಬರುವಾಗ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದ ಇರುತ್ತವೆ. ಒಂದು ರೆಟಿನಾದ ಪದರಗಳನ್ನು ಅಡ್ಡಸೀಳಿ ತೋರಿಸುವ ಓಸಿಟಿ ಸ್ಕ್ಯಾನಿನ ಪ್ರಿಂಟ್. ಇನ್ನೊಂದು ಕೌಂಟರಿನಲ್ಲಿ ಕೊಟ್ಟ ಎಸ್ಟಿಮೇಟ್. ಹೆಚ್ಚಿನವರು ಎಸ್ಟಿಮೇಟನ್ನು ತಿರುಗಿಸಿ ಮುರುಗಿಸಿ ಓದುತ್ತಾರೆ, ಸ್ಕ್ಯಾನನ್ನು ಮಡಚಿ ಫೈಲಿಗೆ ಹಾಕುತ್ತಾರೆ. ಆಮೇಲೆ ಮನೆಯಲ್ಲಿ ಚರ್ಚೆ ಶುರು. ಅಗ್ಗದ ಇಂಜೆಕ್ಷನ್ ಸಾಕಾ? ದುಬಾರಿಯದ್ದೇ ಬೇಕಾ? ಎದುರು ಮನೆಯವರಿಗೆ ಲೇಸರ್ ಮಾಡಿ ಕಳಿಸಿದರಂತೆ, ನಮಗ್ಯಾಕೆ ಇಲ್ಲ?

ಪ್ರಶ್ನೆಗಳೇನೋ ಸರಿಯೇ, ಆದರೆ ಕೇಳುವ ಕ್ರಮ ಉಲ್ಟಾ. ಔಷಧದ ಹೆಸರು ಎರಡನೇ ಮಾತು. ನಿಮ್ಮ ಕಣ್ಣಿನಲ್ಲಿ ಸದ್ಯ ಜಾಸ್ತಿ ನಡೆಯುತ್ತಿರುವುದು ಸೋರಿಕೆಯೋ, ಉರಿಯೂತವೋ, ಇಲ್ಲ ಜೀವಕೋಶಗಳೇ ಸತ್ತುಹೋಗಿವೆಯೋ ಅನ್ನುವುದು ಮೊದಲನೇ ಮಾತು. ಅದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಇದೆ: ಮುಂದಿನ ಒಂದು ವರ್ಷ ನೀವು ಆಸ್ಪತ್ರೆಗೆ ಎಷ್ಟು ಸಲ ಬರಬಲ್ಲಿರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದ ಹಾಗೆ ಅಂತ ನನ್ನ ಲೆಕ್ಕ.

ನಾನು ಡಾಕ್ಟರ್ ಅಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ರೆಟಿನಾ ಒಪಿಡಿಯಲ್ಲಿ ಕೂತು, ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಕಣ್ಣು ನೋಡಿದ ಡಾಕ್ಟರ ಮಾತೇ ಕೊನೆಯ ಮಾತು. ಅವರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

ಒಳಗೆ ಏನು ಕೆಡುತ್ತದೆ

ರೆಟಿನಾದ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಎರಡು ಬಗೆಯ ಕೋಶಗಳು ಮುಖ್ಯ. ಒಳಮೈಯಲ್ಲಿ ಒತ್ತೊತ್ತಾಗಿ ಜೋಡಿಸಿದ ಕೋಶಗಳು. ಹೊರಗಿನಿಂದ ಅವನ್ನು ತಬ್ಬಿ ಹಿಡಿದಿರುವ ಪೆರಿಸೈಟ್ ಎಂಬ ಕೋಶಗಳು. ಶುಗರ್ ವರ್ಷಗಟ್ಟಲೆ ಏರಿದ್ದರೆ ಮೊದಲೇ ಸಾಯುವವು ಈ ಪೆರಿಸೈಟ್‌ಗಳು. ಹಿಡಿತ ತಪ್ಪಿದ ಕಡೆ ಗೋಡೆ ಉಬ್ಬುತ್ತದೆ. ಕಣ್ಣಿನ ಫೋಟೋದಲ್ಲಿ ಕಾಣುವ ಸಣ್ಣ ಕೆಂಪು ಚುಕ್ಕೆಗಳಲ್ಲಿ ಹಲವು ಇಂಥ ಉಬ್ಬುಗಳೇ.

ಇಲ್ಲಿಗೇ ನಿಂತಿದ್ದರೆ ಕಥೆ ಸರಳ. ಆದರೆ ಜಾಸ್ತಿ ಸಕ್ಕರೆಯಿಂದ ಕೋಶಗಳೊಳಗೆ ಆಕ್ಸಿಡೇಟಿವ್ ಒತ್ತಡ ಏರುತ್ತದೆ. ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ದೇಹಕ್ಕೆ ಇದು ಗಾಯವಾದ ಹಾಗೆ ಕಾಣುತ್ತದೆ. ಬಿಳಿ ರಕ್ತಕಣಗಳು ಬಂದು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ನಾಳವೋ ತೀರಾ ಸಣ್ಣದು, ಹಾಗಾಗಿ ಅಲ್ಲಲ್ಲಿ ಕಟ್ಟಿಕೊಳ್ಳುತ್ತದೆ, ಗೋಡೆಗೂ ಪೆಟ್ಟಾಗುತ್ತದೆ. ರೆಟಿನಾದ್ದೇ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳುತ್ತವೆ. ಐಎಲ್-6, ಟಿಎನ್‌ಎಫ್, ಎಂಸಿಪಿ-1 ಎಂಬ ಸಂದೇಶದ ಪ್ರೋಟೀನುಗಳು ಕಣ್ಣಿನೊಳಗಿನ ದ್ರವದಲ್ಲಿ ಹೆಚ್ಚುತ್ತವೆ. ಇದೇ ಉರಿಯೂತ. ಇದರಲ್ಲಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಕೀವಾಗುವುದಿಲ್ಲ. ಸುಮ್ಮನೆ ಒಳಗೊಳಗೇ ನಡೆಯುತ್ತದೆ. ಅದಕ್ಕೇ ‘ನನಗೇನೂ ನೋವಿಲ್ಲ’ ಅನ್ನುವವರೇ ತಡವಾಗಿ ಬರುವುದು.

ನಾಳ ಕಟ್ಟಿಕೊಂಡ ಕಡೆ ಆಮ್ಲಜನಕ ಸಾಲದು. ಅಲ್ಲಿನ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ಇದು ಎರಡು ಕೆಲಸ ಮಾಡುತ್ತದೆ. ನಾಳದ ಗೋಡೆಯ ಕೋಶಗಳ ನಡುವಿನ ಬೆಸುಗೆ ಸಡಿಲಿಸುತ್ತದೆ, ನೀರು ಸೋರುತ್ತದೆ. ಹೊಸ ನಾಳಗಳನ್ನೂ ಹುಟ್ಟಿಸುತ್ತದೆ, ಅವು ಮುಟ್ಟಿದರೆ ಒಡೆಯುವಷ್ಟು ದುರ್ಬಲ. ಸೋರಿದ ನೀರು ರೆಟಿನಾದ ನಡುಭಾಗವಾದ ಮ್ಯಾಕ್ಯುಲದಲ್ಲಿ ನಿಂತರೆ ಊತ. ಓದುವುದು, ಮುಖ ಗುರುತಿಸುವುದು, ಬಸ್ಸಿನ ಬೋರ್ಡ್ ನೋಡುವುದು ಎಲ್ಲ ಮ್ಯಾಕ್ಯುಲದ ಕೆಲಸ. ಅದಕ್ಕೇ ಊತ ಬಂದಾಗ ಮಂಜು ಮಂಜು.

ಇದರ ಜೊತೆಜೊತೆಗೆ ನರಕೋಶಗಳೂ ಸಾಯುತ್ತಿರುತ್ತವೆ. ಕೆಲವರಲ್ಲಿ ಫೋಟೋದಲ್ಲಿ ಒಂದು ಚುಕ್ಕೆಯೂ ಕಾಣುವ ಮೊದಲೇ ಇದು ಶುರುವಾಗಿರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯನ್ನು ನೆನೆಸಿಕೊಳ್ಳಿ. ಸೋರಿಕೆ ನಿಲ್ಲಿಸಿದರೆ ಗೋಡೆ ಒಣಗುತ್ತದೆ. ಉದುರಿದ ಗಾರೆ ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ. ಈಗಿರುವ ಚಿಕಿತ್ಸೆಗಳೆಲ್ಲ ಸೋರಿಕೆ ಮತ್ತು ಉರಿಯೂತದ ಮೇಲೆ ಕೆಲಸ ಮಾಡುತ್ತವೆ. ಸತ್ತ ಕೋಶವನ್ನು ಬದುಕಿಸುವ ಇಂಜೆಕ್ಷನ್ ಇಲ್ಲ.

ಮೊದಲು ಆ ಪ್ರಿಂಟ್ ಬಿಡಿಸಿ

ಓಸಿಟಿ ಕಾಗದದಲ್ಲಿ ಬಣ್ಣಬಣ್ಣದ ಒಂದು ವೃತ್ತ ಇರುತ್ತದೆ. ಅದರಲ್ಲಿ ಒಂಬತ್ತು ಮನೆ, ಪ್ರತಿ ಮನೆಯಲ್ಲೊಂದು ಸಂಖ್ಯೆ. ಅದು ರೆಟಿನಾದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ನಟ್ಟನಡುವಿನ ಮನೆ ನೋಡಿ. ಮೆಷಿನ್ನಿಗೆ ತಕ್ಕ ಹಾಗೆ ಸ್ವಲ್ಪ ಹೆಚ್ಚು ಕಡಿಮೆ ಆದರೂ 250–280ರ ಆಸುಪಾಸು ಸಾಮಾನ್ಯ. 400, 500 ಅಂತಿದ್ದರೆ ನೀರು ನಿಂತಿದೆ ಅಂತ ಅರ್ಥ.

ಸಂಖ್ಯೆ ಅಷ್ಟೇ ನೋಡಿ ಬಿಡಬೇಡಿ. ಕೆಳಗೆ ಬೂದು ಬಣ್ಣದ ಅಡ್ಡಸೀಳು ಚಿತ್ರ ಇರುತ್ತದೆ, ನಿಜವಾದ ವಿಷಯ ಇರುವುದು ಅಲ್ಲಿ. ನಡುವೆ ಒಂದು ಸಣ್ಣ ತಗ್ಗು ಇರಬೇಕು. ಅದು ಮಾಯವಾಗಿ, ಕಪ್ಪು ಗುಳ್ಳೆಗಳು ಕಂಡರೆ ಅದೇ ಸೋರಿದ ನೀರು. ಪದರಗಳ ನಡುವೆ ಬಿಳಿ ಬಿಳಿ ಸಣ್ಣ ಚುಕ್ಕೆಗಳು ಹರಡಿವೆಯಾ? ಅವುಗಳಲ್ಲಿ ಒಂದಷ್ಟು ಕೆರಳಿದ ಮೈಕ್ರೋಗ್ಲಿಯಾ ಇರಬಹುದು ಅನ್ನುವುದು ಸಂಶೋಧಕರ ಊಹೆ. ರೆಟಿನಾದ ಅಡಿಯಲ್ಲೇ ನೀರು ನಿಂತು ಅದನ್ನು ಎತ್ತಿ ಹಿಡಿದಿದೆಯಾ? ಅಂಥ ಕಣ್ಣುಗಳ ದ್ರವದಲ್ಲಿ ಉರಿಯೂತದ ಪ್ರೋಟೀನುಗಳು ಹೆಚ್ಚು ಸಿಕ್ಕಿವೆ. ಈ ಎರಡು ಗುರುತು ಇದ್ದರೆ ‘ಸ್ಟೆರಾಯ್ಡ್ ಯೋಚಿಸಬಹುದಾ?’ ಅಂತ ಕೇಳಲು ಕಾರಣ ಇದೆ. ಇವು ಸುಳಿವು ಮಾತ್ರ, ತೀರ್ಪಲ್ಲ.

ಇನ್ನು ಗಾರೆ ಉದುರಿದ ಲೆಕ್ಕ. ಚಿತ್ರದ ಕೆಳಭಾಗದಲ್ಲಿ ಉದ್ದಕ್ಕೂ ಒಂದು ಬಿಳಿ ಗೆರೆ ಓಡುತ್ತದೆ. ಬೆಳಕು ಹಿಡಿಯುವ ಕೋಶಗಳ ಆರೋಗ್ಯಕ್ಕೆ ಅದೇ ಗುರುತು. ನಡುವಿನಲ್ಲಿ ಅದು ತುಂಡಾಗಿದ್ದರೆ, ಅಥವಾ ಮೇಲಿನ ಪದರಗಳು ಒಂದರೊಳಗೊಂದು ಕಲಸಿಹೋಗಿದ್ದರೆ, ಊತ ಪೂರ್ತಿ ಇಳಿದರೂ ದೃಷ್ಟಿ ಅಷ್ಟಾಗಿ ಮರಳಲಿಕ್ಕಿಲ್ಲ. ಡಾಕ್ಟರನ್ನು ನೇರವಾಗಿ ಕೇಳಿ: ‘ಸಾರ್, ಊತ ಇಳಿದರೆ ನಮ್ಮ ತಾಯಿಗೆ ಎಷ್ಟು ಕಾಣಬಹುದು?’ ಇಂಜೆಕ್ಷನ್ ಶುರು ಮಾಡುವ ಮೊದಲೇ ಕೇಳುವ ಪ್ರಶ್ನೆ ಇದು, ಆರು ಇಂಜೆಕ್ಷನ್ ಆದಮೇಲೆ ಅಲ್ಲ.

ವಿಇಜಿಎಫ್ ತಡೆಯುವ ಇಂಜೆಕ್ಷನ್‌ಗಳು

ಮ್ಯಾಕ್ಯುಲದ ನಡುವಿನಲ್ಲಿ ಊತ ಇದ್ದು, ದೃಷ್ಟಿ ಇಳಿದಿದ್ದರೆ ಈಗ ಮೊದಲ ಆಯ್ಕೆ ಇವೇ. ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಹೆಸರು ಮೂರು: ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್. ಜನ ಬೆವಾಸಿಜುಮ್ಯಾಬನ್ನು ಅವಾಸ್ಟಿನ್, ಅಫ್ಲಿಬರ್ಸೆಪ್ಟನ್ನು ಐಲಿಯಾ ಅಂತ ಬ್ರ್ಯಾಂಡ್ ಹೆಸರಿನಲ್ಲೇ ಕರೆಯುತ್ತಾರೆ.

ಮೂರನ್ನೂ ಮುಖಾಮುಖಿ ನಿಲ್ಲಿಸಿ ನೋಡಿದ್ದು ಅಮೆರಿಕದ ಡಿಆರ್‌ಸಿಆರ್ ಸಂಶೋಧನಾ ಜಾಲ. 660 ಜನರ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ದೃಷ್ಟಿ ಸ್ವಲ್ಪವೇ ಇಳಿದವರಲ್ಲಿ ಮೂರೂ ಸಮ. ದೃಷ್ಟಿ 6/15 (ಸರಿ ಕಣ್ಣಿನವರು 15 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು) ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಒಂದು ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಹಾಕಿಸಿಕೊಂಡವರು ಸರಾಸರಿ 19 ಅಕ್ಷರ ಹೆಚ್ಚು ಓದಿದರು, ರಾನಿಬಿಜುಮ್ಯಾಬ್‌ನವರು 14, ಬೆವಾಸಿಜುಮ್ಯಾಬ್‌ನವರು 12. ಐದು ಅಕ್ಷರ ಅಂದರೆ ಚಾರ್ಟಿನ ಒಂದು ಸಾಲು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಈ ಅಂತರ ಕಿರಿದಾಯಿತು. ಅಫ್ಲಿಬರ್ಸೆಪ್ಟ್ ಆಗ ಬೆವಾಸಿಜುಮ್ಯಾಬ್‌ಗಿಂತ ಮಾತ್ರ ಮುಂದಿತ್ತು.

ಅಂದರೆ ನಿಮ್ಮ ಚೀಟಿಯಲ್ಲಿ 6/9 ಅಂತ ಇದ್ದರೆ ದುಬಾರಿಯದ್ದಕ್ಕೆ ಸಾಲ ಮಾಡಬೇಕಿಲ್ಲ. 6/24, 6/36 ಇದ್ದರೆ, ಕೈಯಲ್ಲಿ ಆಗುತ್ತದೆ ಅಂದರೆ, ಅಫ್ಲಿಬರ್ಸೆಪ್ಟ್ ಯೋಚಿಸುವುದು ಒಳ್ಳೆಯದು. ಆಗದಿದ್ದರೆ? ಅದಕ್ಕೂ ಉತ್ತರ ಇದೆ. ಅದೇ ಜಾಲ 2022ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿತು. ಬೆವಾಸಿಜುಮ್ಯಾಬ್‌ನಿಂದ ಶುರು ಮಾಡಿ, ಸರಿಹೋಗದವರಿಗೆ ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಬದಲಾಯಿಸಿದರು. ಎರಡು ವರ್ಷದ ಕೊನೆಗೆ ಇವರಿಗೂ, ಮೊದಲಿನಿಂದ ದುಬಾರಿಯದ್ದನ್ನೇ ಹಾಕಿಸಿಕೊಂಡವರಿಗೂ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸಂಬಳ ನೋಡಿ ಖರ್ಚು ಮಾಡುವ ಮನೆಗಳಿಗೆ ನನಗೆ ತುಂಬಾ ಹಿಡಿಸಿದ ಸಂಶೋಧನೆ ಇದು.

ಬೆವಾಸಿಜುಮ್ಯಾಬ್ ಬಗ್ಗೆ ಒಂದು ಎಚ್ಚರ. ಅದು ಮೂಲತಃ ಕರುಳಿನ ಕ್ಯಾನ್ಸರಿಗೆ ಬಂದ ಔಷಧ. ಕಣ್ಣಿಗೆ ಬೇಕಿರುವುದು ತೊಟ್ಟಿನಷ್ಟು, ಹಾಗಾಗಿ ಒಂದು ವಯಲನ್ನು (ಔಷಧದ ಸಣ್ಣ ಬಾಟಲಿ) ಹಲವು ಸಿರಿಂಜುಗಳಿಗೆ ಹಂಚುತ್ತಾರೆ. ಹಂಚುವಾಗ ಶುಚಿ ತಪ್ಪಿದರೆ ಸೋಂಕು. ‘ಎಲ್ಲಿ, ಹೇಗೆ ಹಂಚಿದ್ದು?’ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಆಸ್ಪತ್ರೆಯವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬೆಲೆಯಲ್ಲಿ ನಡುದಾರಿ ಬೇಕೆಂದರೆ ರಾನಿಬಿಜುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಬೇರೆ ಕಂಪನಿ ಮಾಡಿದ ಅದರಂಥದ್ದೇ ಔಷಧ, ಇದೆ. ಜಗತ್ತಿನ ಮೊದಲನೆಯದು 2015ರಲ್ಲಿ ಭಾರತದಲ್ಲೇ ಬಂದ ರಝುಮ್ಯಾಬ್. ಇದು ಒಬ್ಬರಿಗೊಂದು ವಯಲ್, ಹಂಚುವ ತಲೆನೋವಿಲ್ಲ.

ಹೊಸದಾಗಿ ಫಾರಿಸಿಮ್ಯಾಬ್ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ವಿಇಜಿಎಫ್ ಜೊತೆಗೆ ಆ್ಯಂಜಿಯೋಪೊಯಟಿನ್-2 ಎಂಬ ಇನ್ನೊಂದು ಪ್ರೋಟೀನನ್ನೂ ಕಟ್ಟಿಹಾಕುತ್ತದೆ. ಪೆರಿಸೈಟ್‌ಗಳ ಹಿಡಿತ ತಪ್ಪಿಸುವುದರಲ್ಲಿ, ಉರಿಯೂತಕ್ಕೆ ಕುಮ್ಮಕ್ಕು ಕೊಡುವುದರಲ್ಲಿ ಈ ಪ್ರೋಟೀನಿನ ಕೈ ಇದೆ. ದೃಷ್ಟಿಯ ಲಾಭ ಅಫ್ಲಿಬರ್ಸೆಪ್ಟ್‌ನಷ್ಟೇ. ಅನುಕೂಲ ಇರುವುದು ಅಂತರದಲ್ಲಿ. ಪರೀಕ್ಷೆಗಳಲ್ಲಿ ಅಂತರ ಹೆಚ್ಚಿಸುತ್ತಾ ಹೋದ ಗುಂಪಿನ ಅರ್ಧದಷ್ಟು ಜನ ಒಂದು ವರ್ಷದ ಹೊತ್ತಿಗೆ ನಾಲ್ಕು ತಿಂಗಳಿಗೊಮ್ಮೆ ಬರುವ ಹಂತ ತಲುಪಿದ್ದರು.

ಅಂತರ ಯಾಕೆ ಇಷ್ಟು ದೊಡ್ಡ ವಿಷಯ? ಯಾಕೆಂದರೆ ಆ ಮೂರು ಔಷಧಗಳ ಪರೀಕ್ಷೆಯಲ್ಲಿ ಮೊದಲ ವರ್ಷವೇ ಒಂಬತ್ತು ಹತ್ತು ಇಂಜೆಕ್ಷನ್ ಬೇಕಾಗಿತ್ತು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ತಿಂಗಳಿಗೊಮ್ಮೆ ಅಂದರೆ ರೋಗಿಗೆ ಒಂದು ದಿನ, ಜೊತೆಗೆ ಬರುವ ಮಗನಿಗೋ ಸೊಸೆಗೋ ಒಂದು ದಿನ ರಜೆ. ಮೂರು ಇಂಜೆಕ್ಷನ್ ಆದಮೇಲೆ ‘ಈಗ ಸ್ವಲ್ಪ ಪರವಾಗಿಲ್ಲ’ ಅಂತ ನಿಲ್ಲಿಸಿಬಿಡುವವರು ಬಹಳ ಜನ. ನಿಲ್ಲಿಸಿದರೆ ಊತ ಮತ್ತೆ ಬರುತ್ತದೆ.

ಇಂಜೆಕ್ಷನ್ ಅಂದಾಗ ಎಲ್ಲರಿಗೂ ಹೆದರಿಕೆ. ಕಣ್ಣಿಗೆ ಸೂಜಿ ಅಂದರೆ ಯಾರಿಗಿಲ್ಲ ಹೇಳಿ. ನಡೆಯುವುದು ಇಷ್ಟು: ಮರಗಟ್ಟಿಸುವ ಹನಿ ಹಾಕುತ್ತಾರೆ. ಬೆಟಡೀನ್ ಹನಿ, ಅದು ಸ್ವಲ್ಪ ಉರಿಯುತ್ತದೆ. ರೆಪ್ಪೆ ಮುಚ್ಚದ ಹಾಗೆ ಸಣ್ಣ ಕ್ಲಿಪ್. ಕರಿಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಅಳೆದು, ಬಿಳಿ ಭಾಗದಲ್ಲಿ ಕೂದಲೆಳೆಯಂಥ ಸೂಜಿ. ‘ಮೇಲೆ ನೋಡಿ’ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಸೂಜಿಗಿಂತ ಕ್ಲಿಪ್ಪೇ ಹಿಂಸೆ ಅಂತ ಹೇಳುವವರೇ ಜಾಸ್ತಿ.

ಸ್ಟೆರಾಯ್ಡ್ ಯಾರಿಗೆ

ಸ್ಟೆರಾಯ್ಡ್ ಅಂದ ತಕ್ಷಣ ನಮ್ಮ ಜನ ಹಿಂಜರಿಯುತ್ತಾರೆ, ಶುಗರ್ ಏರುತ್ತದಲ್ಲ ಅಂತ. ಕಣ್ಣಿನೊಳಗೆ ಇಡುವ ಸ್ಟೆರಾಯ್ಡ್ ತೀರಾ ಕಡಿಮೆ ಪ್ರಮಾಣದ್ದು. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡಿನ ಇಂಪ್ಲಾಂಟಿನಲ್ಲಿ (ಕಣ್ಣಿನೊಳಗೆ ಬಿಡುವ ಸಣ್ಣ ಕಡ್ಡಿ) ಇರುವುದು 0.7 ಮಿಲಿಗ್ರಾಂ. ಕಣ್ಣಿನಲ್ಲೇ ನಿಧಾನಕ್ಕೆ ಕರಗುತ್ತದೆ. ರಕ್ತದ ಶುಗರಿನ ಮೇಲೆ ಅದರ ಪರಿಣಾಮ ಲೆಕ್ಕಕ್ಕಿಲ್ಲದಷ್ಟು. ಚಿಂತೆ ಮಾಡಬೇಕಾದ್ದು ಬೇರೆ ಎರಡಿವೆ, ಅವಕ್ಕೆ ಬರುತ್ತೇನೆ.

ವಿಇಜಿಎಫ್ ಇಂಜೆಕ್ಷನ್ ಒಂದೆರಡು ಪ್ರೋಟೀನನ್ನು ಹಿಡಿದರೆ, ಸ್ಟೆರಾಯ್ಡ್ ಉರಿಯೂತದ ಹಲವು ದಾರಿಗಳನ್ನು ಒಟ್ಟಿಗೆ ಮುಚ್ಚುತ್ತದೆ. ಬಿಳಿ ರಕ್ತಕಣ ಅಂಟುವುದು ಕಡಿಮೆಯಾಗುತ್ತದೆ, ಗೋಡೆಯ ಬೆಸುಗೆ ಬಿಗಿಯಾಗುತ್ತದೆ, ವಿಇಜಿಎಫ್ ಕೂಡ ಒಂದಿಷ್ಟು ಇಳಿಯುತ್ತದೆ. ಒಂದು ಸಲ ಹಾಕಿದರೆ ಮೂರು ನಾಲ್ಕು ತಿಂಗಳು ನಡೆಯುತ್ತದೆ. ತಿಂಗಳು ತಿಂಗಳು ಬರಲಾಗದವರಿಗೆ ಇದೇ ದೊಡ್ಡ ಸಮಾಧಾನ.

ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಕೊಡಬಾರದು? ಒಂದು, ಪೊರೆ. ಮೂರು ವರ್ಷ ನಡೆದ ಮೀಡ್ ಎಂಬ ಪರೀಕ್ಷೆಯಲ್ಲಿ, ಪೊರೆ ಆಪರೇಷನ್ ಆಗಿರದ ಕಣ್ಣುಗಳ ಪೈಕಿ ಮೂರರಲ್ಲಿ ಎರಡಕ್ಕೆ ಪೊರೆಯ ತೊಂದರೆ ಬಂತು. ಎರಡು, ಕಣ್ಣಿನ ಒತ್ತಡ. ಹತ್ತರಲ್ಲಿ ನಾಲ್ವರಿಗೆ ಒತ್ತಡ ಇಳಿಸುವ ಹನಿ ಹಾಕಬೇಕಾಯಿತು. ಆಪರೇಷನ್ನಿನವರೆಗೆ ಹೋದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಒತ್ತಡ ಹೆಚ್ಚು ಏರುವುದು ಒಂದೂವರೆ ಎರಡು ತಿಂಗಳ ಹೊತ್ತಿಗೆ. ‘ನಾಲ್ಕು ತಿಂಗಳು ಬಿಟ್ಟು ಬಂದರೆ ಸಾಕು’ ಅಂತ ಯಾರಾದರೂ ಅಂದರೆ ನಂಬಬೇಡಿ. ನಡುವೆ ಒತ್ತಡ ನೋಡಿಸಲೇಬೇಕು.

ಹೀಗಾಗಿ ಸ್ಟೆರಾಯ್ಡ್ ಹೊಂದುವವರ ಚಿತ್ರ ಸಾಕಷ್ಟು ಸ್ಪಷ್ಟ. ಪೊರೆ ಆಪರೇಷನ್ ಆಗಿ ಲೆನ್ಸ್ ಹಾಕಿಸಿಕೊಂಡಿರುವವರು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇಲ್ಲದವರು. ಇತ್ತೀಚೆಗೆ ಹೃದಯಾಘಾತವೋ ಲಕ್ವವೋ ಆಗಿದ್ದು, ವಿಇಜಿಎಫ್ ಇಂಜೆಕ್ಷನ್ ಕೊಡಲು ಡಾಕ್ಟರ್ ಹಿಂದೆಮುಂದೆ ನೋಡುವವರು. ಹಲವು ಇಂಜೆಕ್ಷನ್ ಆದರೂ ಊತ ಇಳಿಯದವರು. ಪೊರೆ ಆಪರೇಷನ್ನಿನಲ್ಲಿ ಲೆನ್ಸಿನ ಹಿಂದಿನ ಪದರ ಹರಿದಿದ್ದರೆ ಮಾತ್ರ ಮೊದಲೇ ಹೇಳಿ. ಇಂಪ್ಲಾಂಟ್ ಮುಂದಕ್ಕೆ ಜಾರಿ ಬರಬಹುದು.

ಇಂಜೆಕ್ಷನ್‌ಗೆ ಬಗ್ಗದ ಊತ ಅಪರೂಪವೇನಲ್ಲ. ಆ ಮೂರು ಔಷಧಗಳ ಪರೀಕ್ಷೆಯಲ್ಲೇ ಆರು ತಿಂಗಳ ಹೊತ್ತಿಗೂ ಊತ ಉಳಿದಿದ್ದವರು ಬೆವಾಸಿಜುಮ್ಯಾಬ್‌ನಲ್ಲಿ ಸುಮಾರು 66%, ರಾನಿಬಿಜುಮ್ಯಾಬ್‌ನಲ್ಲಿ 42%, ಅಫ್ಲಿಬರ್ಸೆಪ್ಟ್‌ನಲ್ಲಿ 32%. ಇಂಥವರಲ್ಲಿ ವಿಇಜಿಎಫ್ ಒಂದೇ ಕಾರಣ ಅಲ್ಲ, ಉರಿಯೂತದ ಬೇರೆ ದಾರಿಗಳೂ ತೆರೆದಿವೆ ಅನ್ನುವ ತರ್ಕದ ಮೇಲೆಯೇ ಸ್ಟೆರಾಯ್ಡ್ ಸೇರಿಸುವುದು. ಆದರೆ ಇಲ್ಲೊಂದು ಕಹಿ ಸತ್ಯ ಇದೆ. ಊತ ಉಳಿದವರಿಗೆ ರಾನಿಬಿಜುಮ್ಯಾಬ್ ಜೊತೆಗೆ ಡೆಕ್ಸಾಮೆಥಾಸೋನ್ ಸೇರಿಸಿ ನೋಡಿದಾಗ ಆರು ತಿಂಗಳಲ್ಲಿ ರೆಟಿನಾದ ದಪ್ಪ ಚೆನ್ನಾಗಿ ಇಳಿಯಿತು, ದೃಷ್ಟಿ ಮಾತ್ರ ರಾನಿಬಿಜುಮ್ಯಾಬ್ ಒಂದನ್ನೇ ಪಡೆದವರಿಗಿಂತ ಮೇಲೇರಲಿಲ್ಲ. ಸ್ಕ್ಯಾನ್ ಚೆಂದ, ಚಾರ್ಟ್ ಅಷ್ಟಕ್ಕಷ್ಟೇ. ಅಷ್ಟು ಹೊತ್ತಿಗೆ ಕೋಶಗಳಿಗೆ ಆಗಬೇಕಾದ ಹಾನಿ ಆಗಿಹೋಗಿದ್ದರೆ ಹೀಗೇ ಆಗುವುದು. ಅದಕ್ಕೇ ಬದಲಾಯಿಸುವುದಾದರೆ ವರ್ಷಗಟ್ಟಲೆ ಕಾಯದೆ ಬದಲಾಯಿಸಿ ಅನ್ನುವುದು ನನ್ನ ವಾದ.

ಲೇಸರ್ ಹಳೇದಾಯಿತಾ?

ಮ್ಯಾಕ್ಯುಲದ ನಡುವಿನ ಊತಕ್ಕೆ ಲೇಸರ್ ಈಗ ಹಿಂದಿನ ಸಾಲಿಗೆ ಹೋಗಿದೆ, ನಿಜ. 1985ರಲ್ಲಿ ದೃಷ್ಟಿನಷ್ಟವನ್ನು ಅರ್ಧಕ್ಕೆ ಇಳಿಸಿದ ದೊಡ್ಡ ಚಿಕಿತ್ಸೆ ಅದೇ. ಆದರೆ ಅದು ದೃಷ್ಟಿಯನ್ನು ಉಳಿಸುತ್ತಿತ್ತು, ಹೆಚ್ಚಿಸುತ್ತಿದ್ದದ್ದು ಕಡಿಮೆ.

ಹೊಸ ನಾಳಗಳು ಹುಟ್ಟಿರುವ ಮುಂದುವರಿದ ಹಂತಕ್ಕೆ ಮಾತ್ರ ಲೇಸರ್ ಇನ್ನೂ ಗಟ್ಟಿ ಆಯ್ಕೆ. ಇಲ್ಲಿ ರೆಟಿನಾದ ಅಂಚಿನಲ್ಲಿ ಸಾವಿರಕ್ಕೂ ಹೆಚ್ಚು ಚುಕ್ಕೆ ಸುಡುತ್ತಾರೆ. ಆಮ್ಲಜನಕವಿಲ್ಲದೆ ವಿಇಜಿಎಫ್ ಸುರಿಸುತ್ತಿರುವ ಜಾಗದಲ್ಲಿ ಬೇಕೆಂದೇ ಒಂದಷ್ಟು ಕೋಶಗಳನ್ನು ಕೊಂದು, ನಡುಭಾಗವನ್ನು ಉಳಿಸಿಕೊಳ್ಳುವ ವ್ಯಾಪಾರ. ಪಕ್ಕದ ನೋಟ ಸ್ವಲ್ಪ ಕುಗ್ಗುತ್ತದೆ, ಕತ್ತಲಲ್ಲಿ ಓಡಾಡುವುದು ಕಷ್ಟವಾಗಬಹುದು.

ಇದೇ ಹಂತಕ್ಕೆ ಇಂಜೆಕ್ಷನ್ ಕೂಡ ನಡೆಯುತ್ತದೆ. 2015ರ ಪರೀಕ್ಷೆಯಲ್ಲಿ ರಾನಿಬಿಜುಮ್ಯಾಬ್ ಲೇಸರಿಗೆ ಕಡಿಮೆಯೇನಲ್ಲ ಅಂತ ಗೊತ್ತಾಯಿತು, ಪಕ್ಕದ ನೋಟವೂ ಎರಡು ವರ್ಷದ ಹೊತ್ತಿಗೆ ಹೆಚ್ಚು ಉಳಿಯಿತು. ಹಾಗಂತ ಲೇಸರ್ ಬೇಡ ಅನ್ನಲೇ? ಇಲ್ಲ. ಪರೀಕ್ಷೆಯಲ್ಲಿ ಜನ ಹೇಳಿದ ದಿನ ಬರುತ್ತಾರೆ. ನಿಜ ಜೀವನದಲ್ಲಿ ಮದುವೆ, ಮಗಳ ಬಾಣಂತನ, ಡಯಾಲಿಸಿಸ್, ಕೆಲಸ ಬಿಟ್ಟುಹೋಗುವುದು ಎಲ್ಲ ನಡುವೆ ಬರುತ್ತವೆ. ಬರೀ ಇಂಜೆಕ್ಷನ್ ಪಡೆದು ತಿಂಗಳುಗಟ್ಟಲೆ ಬರದೇ ಹೋದವರ ಕಣ್ಣು, ಲೇಸರ್ ಮಾಡಿಸಿಕೊಂಡು ಬರದೇ ಹೋದವರಿಗಿಂತ ಕೆಟ್ಟ ಸ್ಥಿತಿಗೆ ಹೋಗಿದ್ದು ದಾಖಲಾಗಿದೆ. ರೆಟಿನಾ ಎಳೆದುಕೊಂಡು ಕಳಚಿದವರೂ ಅವರಲ್ಲಿ ಹೆಚ್ಚು. ಹಾಗಾಗಿ ಬರುವುದು ಖಾತ್ರಿ ಇಲ್ಲದವರಿಗೆ ನನ್ನ ಓಟು ಲೇಸರಿಗೇ. ಎರಡನ್ನೂ ಸೇರಿಸಿ ಮಾಡುವುದೂ ಇದೆ.

ಕಣ್ಣಿನೊಳಗೆ ರಕ್ತ ತುಂಬಿಕೊಂಡು ಕರಗದಿದ್ದರೆ, ರೆಟಿನಾ ಎಳೆದುಕೊಂಡಿದ್ದರೆ ವಿಟ್ರೆಕ್ಟಮಿ, ಅಂದರೆ ಕಣ್ಣಿನೊಳಗಿನ ಲೋಳೆ ತೆಗೆಯುವ ಆಪರೇಷನ್. ಅಲ್ಲಿ ಹೋಲಿಕೆಗೆ ಜಾಸ್ತಿ ಜಾಗವಿಲ್ಲ.

ಕಾಯುವುದೂ ಒಂದು ಆಯ್ಕೆ

ಊತ ಇದೆ, ಆದರೆ 6/6 ಕಾಣುತ್ತಿದೆ. ಏನು ಮಾಡಬೇಕು? 2019ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೇ ಉತ್ತರ. ಚೆನ್ನಾಗಿ ಕಾಣುತ್ತಿದ್ದ 702 ಜನರನ್ನು ಮೂರು ಗುಂಪು ಮಾಡಿದರು: ತಕ್ಷಣ ಅಫ್ಲಿಬರ್ಸೆಪ್ಟ್, ಲೇಸರ್, ಸುಮ್ನೆ ಗಮನಿಸುವುದು. ದೃಷ್ಟಿ ಇಳಿದರೆ ಕೊನೆಯ ಎರಡು ಗುಂಪಿನವರಿಗೂ ಇಂಜೆಕ್ಷನ್. ಎರಡು ವರ್ಷದಲ್ಲಿ ಒಂದು ಸಾಲು ಅಥವಾ ಹೆಚ್ಚು ದೃಷ್ಟಿ ಕಳೆದುಕೊಂಡವರು ಕ್ರಮವಾಗಿ 16%, 17%, 19%. ಅಂದರೆ ಹೆಚ್ಚು ಕಡಿಮೆ ಒಂದೇ. ಗಮನಿಸುವ ಗುಂಪಿನಲ್ಲಿ ಇಂಜೆಕ್ಷನ್ ಬೇಕಾಗಿದ್ದು ಮೂವರಲ್ಲಿ ಒಬ್ಬರಿಗೆ. ಚೆನ್ನಾಗಿ ಕಾಣುವಾಗಲೇ ದೊಡ್ಡ ಪ್ಯಾಕೇಜ್ ಕೊಟ್ಟರೆ ಇನ್ನೊಂದು ಅಭಿಪ್ರಾಯ ಕೇಳಿ. ಆದರೆ ಕಾಯುವುದು ಅಂದರೆ ಹೇಳಿದ ದಿನ ಬಂದು ತೋರಿಸುವುದು, ಮರೆತು ಕೂರುವುದಲ್ಲ.

ಹನಿ, ಮಾತ್ರೆ, ಆಸ್ಪಿರಿನ್

ಉರಿಯೂತ ತಾನೇ, ಹನಿ ಹಾಕಿದರೆ ಸಾಲದಾ ಅಂತ ಕೇಳುವವರಿದ್ದಾರೆ. ನೆಪಾಫೆನಾಕ್ ಎಂಬ ಉರಿಯೂತ ಇಳಿಸುವ ಹನಿಯನ್ನು, ನಡುಭಾಗ ಮುಟ್ಟದ ಊತಕ್ಕೆ ಒಂದು ವರ್ಷ ಹಾಕಿ ನೋಡಿದ್ದಾರೆ. ಹೇಳಿಕೊಳ್ಳುವ ಲಾಭ ಆಗಲಿಲ್ಲ.

ಆಸ್ಪಿರಿನ್ನಿನ ಕಥೆ ಸ್ವಾರಸ್ಯಕರ. ಸಂಧಿವಾತಕ್ಕೆ ಆಸ್ಪಿರಿನ್ ಜಾತಿಯ ಮಾತ್ರೆ ನುಂಗುತ್ತಿದ್ದ ಶುಗರ್ ರೋಗಿಗಳಲ್ಲಿ ರೆಟಿನಾದ ತೊಂದರೆ ಕಡಿಮೆ ಅಂತ 1964ರಲ್ಲೇ ಡಾಕ್ಟರುಗಳು ಗಮನಿಸಿದ್ದರು. ಉರಿಯೂತಕ್ಕೂ ಈ ಕಾಯಿಲೆಗೂ ನಂಟಿದೆ ಅನ್ನುವ ಅನುಮಾನ ಅಷ್ಟು ಹಳೆಯದು. ಮುಂದೆ ದಿನಕ್ಕೆ 650 ಮಿಲಿಗ್ರಾಂ ಕೊಟ್ಟು ದೊಡ್ಡದಾಗಿ ಪರೀಕ್ಷಿಸಿದಾಗ ರೋಗದ ಓಟ ನಿಲ್ಲಲಿಲ್ಲ. ಹಾಗೆಯೇ ಕೆಡುಕೂ ಆಗಲಿಲ್ಲ. ಹಾಗಾಗಿ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ಕಣ್ಣಿಗೆ ಹೆದರಿ ನಿಲ್ಲಿಸಬೇಡಿ.

ಕೆಲಸ ಮಾಡಿದ ಮಾತ್ರೆ ಬೇರೆ ಕಡೆಯಿಂದ ಬಂತು. ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್. 2007ರಲ್ಲಿ ಲೇಸರ್ ಬೇಕಾಗುವುದನ್ನು ಕಡಿಮೆ ಮಾಡಿದ್ದು ಕಂಡಿತು. 2024ರಲ್ಲಿ ಸ್ಕಾಟ್ಲೆಂಡಿನ ಪರೀಕ್ಷೆ, ಆರಂಭದ ಹಂತದವರಲ್ಲಿ ಕಾಯಿಲೆ ಮುಂದುವರಿಯುವುದು 27% ಕಡಿಮೆಯಾಯಿತು ಅಂತ ಹೇಳಿತು. ಕೊಬ್ಬು ಇಳಿಸುವುದಷ್ಟೇ ಅಲ್ಲ, ಉರಿಯೂತ ತಗ್ಗಿಸುವ ಗುಣವೂ ಇದಕ್ಕಿದೆ ಅನ್ನುತ್ತಾರೆ. ಕಿಡ್ನಿ ಸರಿಯಿಲ್ಲದವರಿಗೆ ಇದು ಆಗಿಬರುವುದಿಲ್ಲ. ಕ್ರಿಯಾಟಿನಿನ್ ನೋಡದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಶುಗರ್ ಡಾಕ್ಟರನ್ನು ಕೇಳಿ. ಅವರ ಹತ್ತಿರ ಹೋದಾಗಲೇ ಪಯೋಗ್ಲಿಟಜೋನ್ ಮಾತ್ರೆ ಇದೆಯಾ ಅಂತಲೂ ನೋಡಿಸಿ. ಅದು ಮೈಯಲ್ಲಿ ನೀರು ಹಿಡಿದಿಡುತ್ತದೆ, ಕೆಲವರಲ್ಲಿ ಮ್ಯಾಕ್ಯುಲದ ಊತವನ್ನೂ ಹೆಚ್ಚಿಸಬಹುದು. ‘ಕಣ್ಣಿಗೆ ಒಳ್ಳೇದು’ ಅಂತ ಮಾರುವ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲುಗಳಿಗೆ ಇಂಥ ಪುರಾವೆ ಇಲ್ಲ. ಆ ದುಡ್ಡನ್ನು ಓಸಿಟಿಗೆ ಇಟ್ಟುಕೊಳ್ಳಿ.

ಶುಗರ್, ಬಿಪಿ ಹತೋಟಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಬೇರೆ ಹೇಳುವುದಿಲ್ಲ. ಒಂದೇ ಮಾತು: ಬಹಳ ಏರಿದ್ದ ಶುಗರನ್ನು ಒಮ್ಮೆಲೇ ಇಳಿಸಿದಾಗ ಕಣ್ಣು ಮೊದಲು ಸ್ವಲ್ಪ ಕೆಡುವುದುಂಟು. ಇನ್ಸುಲಿನ್ ಶುರು ಮಾಡುವ ಮೊದಲು, ಸೆಮಾಗ್ಲುಟೈಡ್ ಥರದ ಹೊಸ ಇಂಜೆಕ್ಷನ್ ಶುರು ಮಾಡುವ ಮೊದಲು ರೆಟಿನಾ ತೋರಿಸಿಕೊಳ್ಳಿ.

ಬೆಂಗಳೂರಿನಲ್ಲಿ ಎಲ್ಲಿ, ಹೇಗೆ

ಚಾಮರಾಜಪೇಟೆಯ ಮಿಂಟೊ ಸರ್ಕಾರಿ ಆಸ್ಪತ್ರೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಿಗೆ ಹತ್ತಿರ. ಕಾಯುವುದು ಜಾಸ್ತಿ, ಖರ್ಚು ಕಡಿಮೆ. ಖಾಸಗಿಯಲ್ಲಿ ರಾಜಾಜಿನಗರದ ನಾರಾಯಣ ನೇತ್ರಾಲಯ, ಟ್ರಸ್ಟ್ ನಡೆಸುವ ಶಂಕರ ಕಣ್ಣಿನ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವಂಥವು. ನನ್ನನ್ನು ಕೇಳಿದರೆ ಹೆಸರಿಗಿಂತ ದೂರ ಮುಖ್ಯ. ಹತ್ತು ಸಲ ಹೋಗಿಬರಬೇಕಲ್ಲ. ತಪಾಸಣೆಗೆ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಮಸುಕು, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ಬಿಟ್ಟು ಬನ್ನಿ, ಕಪ್ಪು ಕನ್ನಡಕ ತನ್ನಿ.

ತಪಾಸಣೆಗಷ್ಟೇ ಆದರೆ ಇಷ್ಟು ದೂರವೂ ಹೋಗಬೇಕಿಲ್ಲ. ಫೋರಸ್, ರೆಮಿಡಿಯೊ ಎಂಬ ಬೆಂಗಳೂರಿನವೇ ಕಂಪನಿಗಳು ಮಾಡಿದ ಸಣ್ಣ ಕ್ಯಾಮೆರಾಗಳಿಂದ ಶುಗರ್ ಕ್ಲಿನಿಕ್ಕಿನಲ್ಲೇ ರೆಟಿನಾ ಫೋಟೋ ತೆಗೆಯಬಹುದು. ದೇಶದಲ್ಲಿ 40 ದಾಟಿದ ಶುಗರ್ ಇರುವವರ ಪೈಕಿ 12.5% ಜನರಿಗೆ ರೆಟಿನೋಪತಿ, ಅಂದರೆ ಶುಗರಿನಿಂದ ರೆಟಿನಾ ಕೆಡುವ ಈ ಕಾಯಿಲೆ, ಇದೆ ಅಂತ ಸ್ಮಾರ್ಟ್ ಇಂಡಿಯಾ ಅಧ್ಯಯನ 2022ರಲ್ಲಿ ಹೇಳಿತು. 4% ಜನರದ್ದು ದೃಷ್ಟಿಗೇ ಅಪಾಯದ ಹಂತ. ಟೈಪ್ 2 ಆದರೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫೋಟೋ ಸಾಕು. ಆದರೆ ಫೋಟೋದಲ್ಲಿ ಊತ ಸರಿಯಾಗಿ ಕಾಣದು. ಮಸುಕು ಶುರುವಾಗಿದ್ದರೆ ಓಸಿಟಿಯೇ ಬೇಕು.

ವಿಮೆ ಇದ್ದರೆ ಹಳೆಯ ಏಜೆಂಟರ ಮಾತು ಕೇಳಿ ಕೈಬಿಡಬೇಡಿ. ಒಂದೇ ದಿನದಲ್ಲಿ ಮನೆಗೆ ಹೋಗುವ ಚಿಕಿತ್ಸೆಗೆ ಹಣ ಬರಲ್ಲ ಅಂತ ಇನ್ನೂ ಹೇಳುವವರಿದ್ದಾರೆ. 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿತು, ಕಣ್ಣಿನೊಳಗಿನ ಇಂಜೆಕ್ಷನ್ ಅದರಲ್ಲಿದೆ. ಕಂಪನಿ ಒಂದು ಮಿತಿ ಹಾಕಬಹುದು. ಪಾಲಿಸಿಯಲ್ಲಿ ಆ ಮಿತಿ ಎಷ್ಟು ಅಂತ ಮೊದಲು ನೋಡಿ, ಆಮೇಲೆ ಔಷಧ ಆರಿಸಿ. ವರ್ಷದ ಮಿತಿ ಎರಡು ದುಬಾರಿ ಇಂಜೆಕ್ಷನ್ನಿಗೇ ಮುಗಿದುಹೋದರೆ ಉಳಿದ ತಿಂಗಳು ಏನು ಮಾಡುವುದು?

ಲೆಕ್ಕ ಹೇಗೆ ಹಾಕುವುದು ಅಂತ ಎರಡು ಉದಾಹರಣೆ. ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡುವ ನಲವತ್ತೈದರ ಒಬ್ಬರು, ಪೊರೆ ಇಲ್ಲ, 6/12 ಕಾಣುತ್ತದೆ, ವಿಮೆ ಇಲ್ಲ. ಅವರಿಗೆ ಬೆವಾಸಿಜುಮ್ಯಾಬ್ ಅಥವಾ ಬಯೋಸಿಮಿಲರ್‌ನಿಂದ ಶುರು ಮಾಡಿ, ಕೆಲವು ತಿಂಗಳಲ್ಲಿ ಸ್ಕ್ಯಾನ್ ನೋಡಿ ಬದಲಾಯಿಸುವುದು ಸರಿ. ಈ ವಯಸ್ಸಿಗೇ ಸ್ಟೆರಾಯ್ಡ್ ಹಾಕಿಸಿ ಪೊರೆ ತಂದುಕೊಳ್ಳುವುದು ಬೇಡ. ಬಸವನಗುಡಿಯ ಎಪ್ಪತ್ತರ ಅಜ್ಜಿ, ಎರಡೂ ಕಣ್ಣಿಗೆ ಲೆನ್ಸ್ ಹಾಕಿದೆ, ಹೋದ ತಿಂಗಳಷ್ಟೇ ಸ್ಟೆಂಟ್, ಕರೆದುಕೊಂಡು ಹೋಗಲು ಮನೆಯಲ್ಲಿ ಮೊಮ್ಮಗ ಒಬ್ಬನೇ. ಅವರಿಗೆ ಒತ್ತಡ ಸರಿಯಿದ್ದರೆ ಇಂಪ್ಲಾಂಟ್ ಮೊದಲು ಕೇಳಿ. ಇಬ್ಬರ ಪ್ರಿಂಟಿನಲ್ಲೂ ನಡುವಿನ ಸಂಖ್ಯೆ 420 ಅಂತಲೇ ಇರಬಹುದು.

ಯಾವುದೇ ಇಂಜೆಕ್ಷನ್ ಹಾಕಿಸಿಕೊಂಡರೂ ಆಸ್ಪತ್ರೆಯ ಎಮರ್ಜೆನ್ಸಿ ನಂಬರ್ ಬರೆದುಕೊಂಡೇ ಮನೆಗೆ ಹೋಗಿ. ಬಿಳಿ ಭಾಗದಲ್ಲಿ ರಕ್ತದ ಕಲೆ, ಒಂದು ದಿನ ಕಸ ಬಿದ್ದ ಹಾಗೆ ಅನ್ನಿಸುವುದು, ಕಣ್ಮುಂದೆ ಸಣ್ಣ ಗುಳ್ಳೆ ತೇಲುವುದು ಮಾಮೂಲು. ಸೋಂಕು ಕೆಲವು ಸಾವಿರ ಇಂಜೆಕ್ಷನ್ನಿಗೆ ಒಂದು, ಆದರೆ ಬಂದರೆ ಗಂಟೆಗಳ ಲೆಕ್ಕ. ಮೊದಲ ವಾರದಲ್ಲಿ ನೋವು ಏರುತ್ತಾ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಇಳಿದರೆ, ಭಾನುವಾರವಾದರೂ ಸರಿ, ಅವತ್ತೇ ಹೋಗಿ ತೋರಿಸಿ.